ಕೀ ಆನ್ಸರ್ ಹೇಳಿದ ಮಾತ್ರಕ್ಕೆ ಸರಿಯೇ?

ಮಧ್ಯಾವಧಿ ಪರೀಕ್ಷೆಗೆ ಮುಂಚೆ ನಮ್ಮ ತರಗತಿಯಲ್ಲಿ ಒಂದು ಅಭ್ಯಾಸ ಪರೀಕ್ಷೆ ನಡೆಯಿತು. ಪ್ರಶ್ನೆಗಳು ಮಾರುಕಟ್ಟೆಯಲ್ಲಿ ಸಿಗುವ ಒಂದು ಗೈಡ್‌ನವು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು: ಕೆಳಗಿನವುಗಳಲ್ಲಿ ಅವಿಭಾಜ್ಯ ಸಂಖ್ಯೆ ಯಾವುದು? ಆಯ್ಕೆಗಳು 2045, 2047, 2049 ಮತ್ತು ‘ಇವು ಯಾವುವೂ ಅಲ್ಲ’.

2045 ಐದರಲ್ಲಿ ಕೊನೆಯಾಗುತ್ತದೆ, ಹಾಗಾಗಿ ಅದು ಅಲ್ಲ. 2049ರ ಅಂಕಿಗಳನ್ನು ಕೂಡಿದರೆ 15, ಅಂದರೆ ಅದು ಮೂರರಿಂದ ಭಾಗವಾಗುತ್ತದೆ. 2047ನ್ನು ನಾನು 7, 11, 13, 17, 19 ಎಂದು ಒಂದೊಂದಾಗಿ ಭಾಗಿಸುತ್ತಾ ಹೋದೆ. 23ಕ್ಕೆ ಬಂದಾಗ ಶೇಷ ಉಳಿಯಲಿಲ್ಲ. 23 × 89 = 2047. ‘ಇವು ಯಾವುವೂ ಅಲ್ಲ’ ಎಂದು ಗುರುತು ಹಾಕಿದೆ.

ಕೊನೆಗೆ ಕೀ ಆನ್ಸರ್ ಓದಿದರು. ಉತ್ತರ 2047 ಎಂದಿತ್ತು. ನಾನು ಕೆಂಪು ಪೆನ್ನು ತೆಗೆದು ನನ್ನ ಉತ್ತರದ ಮೇಲೆ ತಪ್ಪು ಎಂದು ಗೀಟು ಎಳೆದೆ. ಭಾಗಾಕಾರ ಮಾಡಿದ್ದು ಅದೇ ಹಾಳೆಯ ಬದಿಯಲ್ಲಿತ್ತು. ಅದನ್ನು ಮತ್ತೊಮ್ಮೆ ನೋಡಬೇಕೆಂದೂ ಅನ್ನಿಸಲಿಲ್ಲ. ಅಚ್ಚಾದದ್ದು ಹೇಗೆ ತಪ್ಪಾಗುತ್ತದೆ ಎಂಬುದೇ ಮನಸ್ಸಿನಲ್ಲಿದ್ದದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಗೊತ್ತಾಯಿತು, ನನ್ನಂತೆಯೇ ಇನ್ನೂ ನಾಲ್ವರು ಸರಿಯಾದ ಉತ್ತರ ಬರೆದು, ತಾವೇ ತಪ್ಪು ಹಾಕಿಕೊಂಡಿದ್ದರು. ಐವರಲ್ಲಿ ಒಬ್ಬರೂ ಕೈ ಎತ್ತಿರಲಿಲ್ಲ.

ಮರುದಿನ ಗಣಿತದ ಮೇಡಂಗೆ ಹೇಳಿದೆವು. ಅವರು ಬೋರ್ಡಿನ ಮೇಲೆ ಗುಣಿಸಿ ನೋಡಿ, “ಗೈಡ್ ತಪ್ಪು, ನೀವು ಸರಿ” ಎಂದು ಎಲ್ಲರ ಅಂಕ ತಿದ್ದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ನಿನ್ನೆ ಯಾಕೆ ಹೇಳಲಿಲ್ಲ?” ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಅಂಕ ಹಿಂದಿರುಗಿ ಬಂತು, ಆ ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ 2047ರ ಕುಟುಂಬದ್ದೇ ಆದ ಒಂದು ದೊಡ್ಡ ಸಂಖ್ಯೆಯ ಕಥೆ ಸಿಕ್ಕಿತು. ಅದನ್ನು ನಿಮಗೆಲ್ಲ ಹೇಳಬೇಕು, ಅದರ ನೆಪದಲ್ಲಿ ನಮ್ಮ ಕಾಲೇಜಿನ ಬಗ್ಗೆಯೂ ಒಂದು ಮಾತು ಹೇಳಬೇಕು ಎಂದು ಈ ಬರಹ.

ಮೊದಲು ಗೈಡ್ ಬರೆದವರು ಎಲ್ಲಿ ಎಡವಿರಬಹುದು ನೋಡೋಣ. 2047 ಎಂದರೆ 2¹¹ − 1. ಎರಡರ ಘಾತದಿಂದ ಒಂದು ಕಳೆದರೆ ಬರುವ ಈ ಸಂಖ್ಯೆಗಳಲ್ಲಿ ಒಂದು ಚಂದದ ನಿಯಮವಿದೆ. ಘಾತ ಸಂಯುಕ್ತ ಸಂಖ್ಯೆಯಾದರೆ ಇಡೀ ಸಂಖ್ಯೆಯೂ ಸಂಯುಕ್ತವೇ. ಉದಾಹರಣೆಗೆ 2⁶ − 1 = 63. ಹಾಗಾದರೆ ಘಾತ ಅವಿಭಾಜ್ಯವಾದರೆ? 2² − 1 = 3, 2³ − 1 = 7, 2⁵ − 1 = 31, 2⁷ − 1 = 127. ನಾಲ್ಕೂ ಅವಿಭಾಜ್ಯ. ಇಲ್ಲಿಯವರೆಗೆ ನೋಡಿದವರು ‘ಹೌದು, ನಿಯಮ ಎರಡೂ ಕಡೆಯಿಂದ ನಡೆಯುತ್ತದೆ’ ಎಂದು ನಂಬಿಬಿಡುವುದು ಸಹಜ. ಮುಂದಿನ ಅವಿಭಾಜ್ಯ ಘಾತ 11. ಅಲ್ಲೇ ನಂಬಿಕೆ ಮುರಿಯುತ್ತದೆ. ನಾಲ್ಕು ಸಲ ಸರಿಯಾದದ್ದು ಐದನೆಯ ಸಲವೂ ಸರಿಯಾಗಲೇಬೇಕೆಂಬ ನಿಯಮ ಗಣಿತದಲ್ಲಿ ಇಲ್ಲ.

ಇದೇ ಕುಟುಂಬದ ಅತಿ ಪ್ರಸಿದ್ಧ ಸದಸ್ಯ ನಮಗೆಲ್ಲ ಗೊತ್ತಿರುವ ಚದುರಂಗದ ಮಣೆಯ ಸಂಖ್ಯೆ. ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ 64 ಮನೆ ತುಂಬಿಸಿದರೆ ಒಟ್ಟು 2⁶⁴ − 1 ಕಾಳು. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ತಮ್ಮ ‘ಅಲ್-ಆಸಾರ್ ಅಲ್-ಬಾಖಿಯ’ ಗ್ರಂಥದಲ್ಲಿ ಈ ಲೆಕ್ಕ ಮಾಡಿದ್ದಾರೆ. 64 ಮನೆಗಳನ್ನು ಒಂದೊಂದಾಗಿ ಕೂಡುತ್ತಾ ಕೂರಲಿಲ್ಲ. 16ನ್ನು ವರ್ಗ ಮಾಡಿ, ಬಂದದ್ದನ್ನು ಮತ್ತೆ ವರ್ಗ ಮಾಡಿ, ಹೀಗೆ ನಾಲ್ಕು ಸಲ ವರ್ಗ ಮಾಡಿ ಒಂದು ಕಳೆದರು. ಬಂದ ಸಂಖ್ಯೆ 1,84,46,74,40,73,70,95,51,615. ಒಟ್ಟು 20 ಅಂಕಿ.

ನೋಡಲು ಭಯ ಹುಟ್ಟಿಸುವ ಈ ಸಂಖ್ಯೆಯನ್ನು ಒಡೆಯುವುದು ಮಾತ್ರ ಪ್ರೌಢಶಾಲೆಯ ಕೆಲಸ. ಎರಡು ವರ್ಗಗಳ ವ್ಯತ್ಯಾಸದ ಸೂತ್ರ ನೆನಪಿದೆಯಲ್ಲ? 2⁶⁴ − 1 ಎಂದರೆ 2³² + 1 ಮತ್ತು 2³² − 1 ಇವುಗಳ ಗುಣಲಬ್ಧ. ಎರಡನೆಯದನ್ನು ಮತ್ತೆ ಹಾಗೆಯೇ ಒಡೆಯಿರಿ, ಮತ್ತೆ ಒಡೆಯಿರಿ. ಕೊನೆಗೆ ಸಿಗುವುದು 3 × 5 × 17 × 257 × 65,537 × 4,29,49,67,297. ಈ ಕೊನೆಯ ಸಂಖ್ಯೆ ಅವಿಭಾಜ್ಯ ಎಂದು 17ನೇ ಶತಮಾನದ ಮಹಾ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಅದನ್ನು 641 × 67,00,417 ಎಂದು ಒಡೆದು ತೋರಿಸಿದರು. ಅಲ್ಲಿಗೆ ಚದುರಂಗದ ಸಂಖ್ಯೆಗೆ ಏಳು ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳು. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 2⁷, ಅಂದರೆ 128.

ಈಗ ಮಣೆಗೆ ಇನ್ನು ಮೂರೇ ಮೂರು ಮನೆ ಸೇರಿಸಿ. 67 ಮನೆ. ಒಟ್ಟು ಕಾಳು 2⁶⁷ − 1, ಅಂದರೆ 14,75,73,95,25,89,67,64,12,927. ಅಂಕಿ ಒಂದೇ ಒಂದು ಹೆಚ್ಚಾಯಿತು, 21. ಆದರೆ 67 ಅವಿಭಾಜ್ಯವಾದ್ದರಿಂದ ಯಾವ ಸೂತ್ರವೂ ಇಲ್ಲಿ ಕೈ ಹಿಡಿಯುವುದಿಲ್ಲ. ಚದುರಂಗದ ಸಂಖ್ಯೆ ಮುಟ್ಟಿದರೆ ಉದುರುವ ಒಣಗಿದ ಮಣ್ಣಿನ ಹೆಂಟೆ, ಇದು ಕಗ್ಗಲ್ಲು.

1644ರಲ್ಲಿ ಮರ್ಸೆನ್ ಎಂಬ ಫ್ರಾನ್ಸಿನ ಪಾದ್ರಿ ಒಂದು ಪಟ್ಟಿ ಪ್ರಕಟಿಸಿದರು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127 ಮತ್ತು 257 ಇವಕ್ಕೆ ಮಾತ್ರ ಈ ಬಗೆಯ ಸಂಖ್ಯೆ ಅವಿಭಾಜ್ಯವಾಗುತ್ತದೆ ಎಂದರು. ಮರ್ಸೆನ್ ಸಾಮಾನ್ಯರಲ್ಲ, ಯುರೋಪಿನ ದೊಡ್ಡ ದೊಡ್ಡ ವಿದ್ವಾಂಸರೊಂದಿಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದವರು. ಇಂದಿಗೂ ಈ ಸಂಖ್ಯೆಗಳಿಗೆ ಅವರದೇ ಹೆಸರು. ಆದರೆ ಆ ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89 ಮತ್ತು 107 ಇರಬೇಕಿತ್ತು, ಇರಲಿಲ್ಲ. ಅಂದರೆ 67ರ ವಿಷಯದಲ್ಲಿ ಮರ್ಸೆನ್ ಅವರ ಪಟ್ಟಿ ಒಂದು ತಪ್ಪು ಕೀ ಆನ್ಸರ್. ಅದು ತಪ್ಪು ಎಂದು ಸಾಬೀತಾಗಲು 232 ವರ್ಷ ಬೇಕಾಯಿತು.

1876ರಲ್ಲಿ ಫ್ರಾನ್ಸಿನ ಎಡ್ವಾರ್ಡ್ ಲೂಕಾ 2⁶⁷ − 1 ಅವಿಭಾಜ್ಯವಲ್ಲ ಎಂದು ತೋರಿಸಿದರು. ವಿಚಿತ್ರವೆಂದರೆ ಅವರಿಗೆ ಅದರ ಒಂದು ಅಪವರ್ತನವೂ ಗೊತ್ತಿರಲಿಲ್ಲ! ಒಡೆಯದೆಯೇ ‘ಇದು ಒಡೆಯುತ್ತದೆ’ ಎಂದು ಹೇಳುವುದು ಹೇಗೆ? ಸಣ್ಣ ಉದಾಹರಣೆ ನೋಡಿ. ಎರಡನ್ನು ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆಯನ್ನೇ ತೆಗೆದುಕೊಂಡರೂ, ಎರಡಕ್ಕೆ ಅದಕ್ಕಿಂತ ಒಂದು ಕಡಿಮೆ ಘಾತ ಕೊಟ್ಟು ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು. 7ಕ್ಕೆ 2⁶ = 64, ಶೇಷ 1. ಈಗ 15 ತೆಗೆದುಕೊಳ್ಳಿ. 2¹⁴ = 16,384. ಇದನ್ನು 15ರಿಂದ ಭಾಗಿಸಿದರೆ ಶೇಷ 4. ಮೂರು, ಐದು ಎಂಬ ಹೆಸರೇ ಎತ್ತದೆ 15 ಅವಿಭಾಜ್ಯವಲ್ಲ ಎಂದು ಗೊತ್ತಾಯಿತು.

ಆದರೆ ಈ ಪರೀಕ್ಷೆಗೂ ಮೋಸ ಹೋಗುವ ಗುಣವಿದೆ. 341 ಎಂದರೆ 11 × 31, ಆದರೂ ಅದು ಈ ಪರೀಕ್ಷೆಯಲ್ಲಿ ಶೇಷ 1 ಕೊಟ್ಟು ಪಾಸಾಗುತ್ತದೆ. 2047 ಕೂಡ ಪಾಸು. 2⁶⁷ − 1 ಕೂಡ ಪಾಸು. ಅವಿಭಾಜ್ಯದ ಬಟ್ಟೆ ತೊಟ್ಟು ನಿಂತ ಸಂಯುಕ್ತ ಸಂಖ್ಯೆಗಳು ಇವು. ಲೂಕಾ ಬಳಸಿದ್ದು ಇದಕ್ಕಿಂತ ಬಿಗಿಯಾದ, ಈ ಕುಟುಂಬಕ್ಕೆಂದೇ ಹೊಂದಿಸಿದ ಬೇರೊಂದು ಪರೀಕ್ಷೆ. ಒಂದು ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಮಾತು ಮುಗಿಯಲಿಲ್ಲ ಎಂಬುದನ್ನು ಪಿಯುಸಿ ಓದುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ. ಆ ವರ್ಷ ಅಕ್ಟೋಬರ್ 31ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಫ್ರ್ಯಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರ ಸರದಿ ಬಂತು. ಗಣಿತಜ್ಞರು ಇಂದಿಗೂ ಹೇಳುವ ಕಥೆ ಹೀಗಿದೆ: ಕೋಲ್ ಒಂದು ಮಾತೂ ಆಡದೆ ಬೋರ್ಡಿನ ಬಳಿ ಹೋದರು. ಒಂದು ಬದಿಯಲ್ಲಿ ಎರಡರ 67ನೆಯ ಘಾತವನ್ನು ಲೆಕ್ಕ ಮಾಡಿ ಒಂದು ಕಳೆದರು. ಇನ್ನೊಂದು ಬದಿಯಲ್ಲಿ 19,37,07,721 ಎಂದು ಬರೆದು, ಅದರ ಮುಂದೆ 7,61,83,82,57,287 ಎಂದು ಬರೆದು, ಕೈಯಿಂದಲೇ ಗುಣಿಸಿದರು. ಎರಡೂ ಬದಿಯ ಉತ್ತರ ಒಂದೇ. ಚಾಕ್‌ಪೀಸ್ ಇಟ್ಟು ಬಂದು ಕುಳಿತರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಮುಂದೆ ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳು ಎಂದರಂತೆ.

ಆ ಎರಡು ಅಪವರ್ತನಗಳೂ ಅವಿಭಾಜ್ಯ. ಆದ್ದರಿಂದ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ನಾಲ್ಕೇ: ಒಂದು, ಅವೆರಡು ಮತ್ತು ಅದೇ ಸಂಖ್ಯೆ. ಮೂರು ಮನೆ ಹಿಂದಿನ ಚದುರಂಗದ ಸಂಖ್ಯೆಗೆ 128 ಇದ್ದವು. ಹುಡುಕುವವರಿಗೆ ಇದ್ದದ್ದು ಒಂದೇ ಸುಳಿವು. 2⁶⁷ − 1ರ ಯಾವ ಅವಿಭಾಜ್ಯ ಅಪವರ್ತನವಾದರೂ 134ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. (2047ಕ್ಕೆ ಇದೇ ನಿಯಮ 22ರದ್ದು. 22 + 1 = 23. ಮೊದಲ ಹೆಜ್ಜೆಯಲ್ಲೇ ಸಿಕ್ಕಿಬಿಡುತ್ತಿತ್ತು!) ಆದರೆ ಕೋಲ್ ಕಂಡುಹಿಡಿದ ಚಿಕ್ಕ ಅಪವರ್ತನ ಆ ಸಾಲಿನಲ್ಲಿ 14,45,580ನೆಯದು. ಒಂದೊಂದಾಗಿ ಭಾಗಿಸಿ ಅಲ್ಲಿಗೆ ತಲುಪುವುದು ಒಬ್ಬ ಮನುಷ್ಯನ ಭಾನುವಾರಗಳಿಗೆ ಸಾಧ್ಯವಿಲ್ಲದ ಮಾತು. ಕೋಲ್ ವರ್ಗಶೇಷಗಳ ವಿಧಾನದಿಂದ ಬೇಡದ್ದನ್ನು ಜರಡಿ ಹಿಡಿಯುತ್ತಾ ಹೋದರು.

ಈ ಕಥೆ ಕೇಳಿದ ಮೇಲೆ ನಾನು ಅದನ್ನೂ ಹಾಗೆಯೇ ನಂಬಿಬಿಟ್ಟರೆ ಗೈಡ್ ನಂಬಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎನ್ನಿಸಿತು. ಮೊದಲು ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆದೆ. ಅದು 1.475739526 × 10²⁰ ಎಂದು ತೋರಿಸಿತು. ಒಂದು ಕಳೆದೆ. ಅದೇ ಉತ್ತರ. ಅದರ ಕಣ್ಣಿಗೆ 2⁶⁷ಕ್ಕೂ 2⁶⁷ − 1ಕ್ಕೂ ವ್ಯತ್ಯಾಸವೇ ಇಲ್ಲ. ಹಾಗಾಗಿ ಒಂದು ಭಾನುವಾರ ಅಸರ್ ನಮಾಜಿನ ನಂತರ ಚೌಕಳಿ ಹಾಳೆಯಲ್ಲಿ ಕೈಯಿಂದಲೇ ಗುಣಿಸಲು ಕುಳಿತೆ. 19,37,07,721ರಲ್ಲಿ ಏಳು ಮೂರು ಸಲ ಬರುತ್ತದೆ, ಒಮ್ಮೆ ಮಾಡಿದ ಸಾಲನ್ನೇ ಜಾಗ ಬದಲಿಸಿ ಬರೆಯಬಹುದು. ಸೊನ್ನೆಯ ಸಾಲು ಉಚಿತ. ಸುಮಾರು ನಲವತ್ತು ನಿಮಿಷ ಹಿಡಿಯಿತು, ಉತ್ತರ ತಪ್ಪು ಬಂತು.

ತಪ್ಪು ಎಂದು ತಿಳಿದದ್ದು ಒಂಬತ್ತರ ಪರೀಕ್ಷೆಯಿಂದ. ಹಳೆಯ ಕಾಲದ ಭಾರತೀಯ ಮತ್ತು ಅರಬ್ ಲೆಕ್ಕಿಗರು ಬಳಸುತ್ತಿದ್ದ ಉಪಾಯ ಇದು. ಮೊದಲ ಅಪವರ್ತನದ ಅಂಕಿಗಳ ಮೊತ್ತ 37, ಅದರ ಅಂಕಿಗಳನ್ನು ಕೂಡಿದರೆ 10, ಮತ್ತೆ ಕೂಡಿದರೆ 1. ಎರಡನೆಯದರ ಮೊತ್ತ 64, ಅಲ್ಲಿಂದ 10, ಅಲ್ಲಿಂದ 1. ಹಾಗಾದರೆ ಗುಣಲಬ್ಧಕ್ಕೂ 1 ಬರಬೇಕು. ನನ್ನ ಉತ್ತರಕ್ಕೆ 4 ಬಂದಿತ್ತು. ಹುಡುಕಿದಾಗ ಒಂದು ಕಡೆ ದಶಕ ಸೇರಿಸುವುದನ್ನು ಮರೆತಿದ್ದೆ. ತಿದ್ದಿದೆ. 21 ಅಂಕಿಗಳೂ ಸಾಲಾಗಿ ಬಂದವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ಆ ಸಂಜೆ ನನಗಾದ ಸಂತೋಷ ಯಾವ ಟೆಸ್ಟಿನ ಪೂರ್ಣ ಅಂಕದಿಂದಲೂ ಆಗಿರಲಿಲ್ಲ. ಯಾಕೆಂದರೆ ಇದು ಈಗ ನಾನು ಕೇಳಿದ ವಿಷಯವಲ್ಲ, ನನಗೆ ಗೊತ್ತಿರುವ ವಿಷಯ.

ನಾನು ಹೇಳಬೇಕೆಂದಿರುವ ಅಭಿಪ್ರಾಯ ಇಲ್ಲಿದೆ. ಹುಡುಕುವುದು ಕಷ್ಟ, ಪರೀಕ್ಷಿಸುವುದು ಸುಲಭ. ಕೋಲ್‌ಗೆ ಮೂರು ವರ್ಷ ಹಿಡಿದದ್ದನ್ನು ಪಿಯುಸಿಯ ಒಬ್ಬ ಸಾಮಾನ್ಯ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಪರೀಕ್ಷಿಸಬಹುದು. ಇಂಟರ್ನೆಟ್ಟಿನ ಆರ್‌ಎಸ್‌ಎ ಬೀಗ ನಿಂತಿರುವುದೂ ಇದೇ ವ್ಯತ್ಯಾಸದ ಮೇಲೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ, ಗುಣಲಬ್ಧವನ್ನು ಒಡೆಯುವುದು ಮಾತ್ರ ಕಷ್ಟ. 1977ರಲ್ಲಿ ಸವಾಲಾಗಿ ಪ್ರಕಟವಾದ 129 ಅಂಕಿಗಳ ಒಂದು ಸಂಖ್ಯೆ ಒಡೆದದ್ದು 1994ರಲ್ಲಿ, ಅದೂ ನೂರಾರು ಸ್ವಯಂಸೇವಕರ ಕಂಪ್ಯೂಟರುಗಳು ಸೇರಿ ದುಡಿದ ಮೇಲೆ. ಹುಡುಕಲು ಪ್ರತಿಭೆ ಬೇಕು, ಸಮಯ ಬೇಕು, ಅದೃಷ್ಟವೂ ಬೇಕು. ಅವೆಲ್ಲ ಎಲ್ಲರಿಗೂ ಇರುವುದಿಲ್ಲ. ಪರೀಕ್ಷಿಸಲು ಒಂದು ಪೆನ್ನು, ಒಂದು ಹಾಳೆ ಸಾಕು. ಆದ್ದರಿಂದ ಹುಡುಕದೆ ಇರುವುದಕ್ಕೆ ನಮಗೆ ಕ್ಷಮೆ ಇದೆ, ಪರೀಕ್ಷಿಸದೆ ಇರುವುದಕ್ಕೆ ಇಲ್ಲ.

ಇದಕ್ಕೆ ಸ್ನೇಹಿತರು ಎರಡು ಆಕ್ಷೇಪ ಹೇಳಿದರು. ಮೊದಲನೆಯದು ಸಮಯ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಗಣಿತದ ಪ್ರಶ್ನೆ, ಪರೀಕ್ಷಿಸುತ್ತಾ ಕೂತರೆ ಸೀಟು ಸಿಗುತ್ತದೆಯೇ ಎಂದರು. ನಿಜ, ಪರೀಕ್ಷಾ ಕೊಠಡಿಯಲ್ಲಿ ಸಮಯವಿಲ್ಲ. ಅದಕ್ಕಾಗಿಯೇ ಕಾಲೇಜು ಇರುವುದು. ಇಲ್ಲಿಯೂ ನಾವು ಪ್ರತಿದಿನ ಪರೀಕ್ಷಾ ಕೊಠಡಿಯಂತೆಯೇ ಬದುಕಿದರೆ, ಗುಣಿಸಿ ನೋಡುವ ಅಭ್ಯಾಸ ಎಲ್ಲಿ ಕಲಿಯುವುದು? ಕೀ ಆನ್ಸರ್‌ಗೆ ತಾಳೆ ನೋಡಿ ಅಂಕ ಎಣಿಸಿಕೊಳ್ಳುವ ಅಭ್ಯಾಸ ಸಾವಿರ ಪ್ರಶ್ನೆ ಬಿಡಿಸಿದರೂ ನಮ್ಮನ್ನು ಒಂದು ಹೆಜ್ಜೆ ಮುಂದೆ ಒಯ್ಯುವುದಿಲ್ಲ.

ಎರಡನೆಯ ಆಕ್ಷೇಪ ಅದಬಿನದು. ದೊಡ್ಡವರು ಹೇಳಿದ್ದನ್ನು, ಪುಸ್ತಕದಲ್ಲಿ ಅಚ್ಚಾದದ್ದನ್ನು ಪ್ರಶ್ನಿಸುವುದು ಬೇಅದಬಿ ಅಲ್ಲವೇ? ನಾನು ಅಂದು ಕೈ ಎತ್ತದಿದ್ದುದಕ್ಕೆ ನಿಜವಾದ ಕಾರಣ ಇದೇ ಇರಬೇಕು. ಆದರೆ ನಮ್ಮ ಪರಂಪರೆಯೇ ಬೇರೆ ಹೇಳುತ್ತದೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರು ಎಂಬ ಇಸ್ನಾದಿನ ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದರು. ಅದು ಅಗೌರವವಾಗಿರಲಿಲ್ಲ, ಗೌರವದಿಂದಲೇ ಹುಟ್ಟಿದ ಎಚ್ಚರವಾಗಿತ್ತು. ಬೆಳಕಿನ ವಿಜ್ಞಾನದ ಇಬ್ನ್ ಅಲ್-ಹೈಥಮ್ ಸುಮಾರು ಸಾವಿರ ವರ್ಷಗಳ ಹಿಂದೆ ಟಾಲೆಮಿಯ ಗ್ರಂಥಗಳ ಮೇಲಿನ ಸಂದೇಹಗಳನ್ನೇ ಒಂದು ಪುಸ್ತಕವಾಗಿ ಬರೆದರು. ಹಿಂದಿನವರ ಬರಹ ಓದುವವನು ಅದನ್ನು ಎದುರಾಳಿಯಂತೆ ಪ್ರತಿ ಬದಿಯಿಂದಲೂ ಪರೀಕ್ಷಿಸಬೇಕು, ಹಾಗೆ ಮಾಡುವಾಗ ತನ್ನ ಮೇಲೂ ಸಂದೇಹ ಇಟ್ಟುಕೊಳ್ಳಬೇಕು ಎಂಬುದು ಅವರ ನಿಲುವು.

ಈ ಕೊನೆಯ ಮಾತು ಮುಖ್ಯ. ಪರೀಕ್ಷಿಸುವುದೆಂದರೆ ಪುಸ್ತಕ ತಪ್ಪು, ಮೇಷ್ಟ್ರು ತಪ್ಪು ಎಂದು ಕೂಗುವುದಲ್ಲ. ನನ್ನ ಉತ್ತರಕ್ಕೂ ಕೀ ಆನ್ಸರ್‌ಗೂ ಹೊಂದದಿದ್ದಾಗ ಹೆಚ್ಚಿನ ಸಲ ತಪ್ಪಿರುವುದು ನನ್ನಲ್ಲೇ. ನಲವತ್ತು ನಿಮಿಷ ಗುಣಿಸಿದವರು ದಶಕ ಮರೆತ ಕಥೆ ಮೇಲೆ ಹೇಳಿದ್ದೇನೆ. ಆದರೆ ಆ ತಪ್ಪು ಎಲ್ಲಿದೆ ಎಂದು ಕಂಡುಕೊಳ್ಳದೆ ಕೆಂಪು ಗೀಟು ಎಳೆದರೆ, ತಪ್ಪಿದ್ದರೂ ಕಲಿಯಲಿಲ್ಲ, ಸರಿಯಿದ್ದರೂ ಕಲಿಯಲಿಲ್ಲ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮತ್ತು ಸಹಪಾಠಿಗಳಲ್ಲಿ ಮೂರು ವಿನಂತಿಗಳಿವೆ. ಒಂದು, ಅಭ್ಯಾಸ ಪರೀಕ್ಷೆಯ ಕೀ ಆನ್ಸರ್ ಓದಿದ ನಂತರ ಐದು ನಿಮಿಷ ಬಿಡಿ, ಒಪ್ಪದವರು ಹೆದರಿಕೆಯಿಲ್ಲದೆ ಎದ್ದು ತಮ್ಮ ಲೆಕ್ಕ ತೋರಿಸಲಿ. ಎರಡು, ಗಣಿತ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಒಂದು ಮೂಲೆ ಕೊಡಿ. ಗೈಡ್‌ಗಳಲ್ಲಿ ಸಿಕ್ಕ ತಪ್ಪುಗಳನ್ನು ಲೆಕ್ಕಸಮೇತ ಅಲ್ಲಿ ಹಚ್ಚೋಣ. ಮುಂದಿನ ವರ್ಷದವರಿಗೂ ಉಪಯೋಗವಾಗುತ್ತದೆ. ಮೂರು, ತಿಂಗಳಿಗೆ ಒಂದು ಉದ್ದದ ಲೆಕ್ಕ, ಅಂಕವಿಲ್ಲದ್ದು, ಆಯ್ಕೆಗಳಿಲ್ಲದ್ದು. ಕ್ಯಾಲ್ಕುಲೇಟರ್ ಸೋಲುವಂಥದ್ದು ಇರಲಿ.

ಇವುಗಳಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ನಮ್ಮ ದೇಶದ್ದೇ ಒಂದು ಉದಾಹರಣೆ. ಯಾವುದೇ ಸಂಖ್ಯೆ ಅವಿಭಾಜ್ಯವೋ ಸಂಯುಕ್ತವೋ ಎಂದು ಖಚಿತವಾಗಿ ಮತ್ತು ತಕ್ಕಷ್ಟು ಬೇಗ ಹೇಳುವ ವಿಧಾನವನ್ನು 2002ರಲ್ಲಿ ಜಗತ್ತಿಗೆ ಮೊದಲು ಕೊಟ್ಟದ್ದು ಐಐಟಿ ಕಾನ್ಪುರ. ಮಣೀಂದ್ರ ಅಗ್ರವಾಲ್ ಅವರ ಜೊತೆ ಆ ಕೆಲಸ ಮಾಡಿದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಹುಡುಗರು. ಇನ್ನೂ ಕೆಲಸ ಬಾಕಿ ಇದೆ. 2¹²⁷⁷ − 1 ಎಂಬ 385 ಅಂಕಿಗಳ ಸಂಖ್ಯೆ ಸಂಯುಕ್ತ ಎಂದು ಗೊತ್ತು, ಅದರ ಒಂದು ಅಪವರ್ತನವೂ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅದಕ್ಕೆ ಯಾವ ಗೈಡ್‌ನಲ್ಲೂ ಕೀ ಆನ್ಸರ್ ಇಲ್ಲ.

ಆ ಅಭ್ಯಾಸ ಪರೀಕ್ಷೆಯ ಹಾಳೆಯನ್ನು ನಾನು ಎಸೆದಿಲ್ಲ. ಬದಿಯಲ್ಲಿ 23 × 89 ಎಂದು ನೀಲಿ ಶಾಯಿಯಲ್ಲಿದೆ, ಅದರ ಪಕ್ಕದ ಸರಿಯುತ್ತರದ ಮೇಲೆ ನನ್ನದೇ ಕೈಯ ಕೆಂಪು ಗೀಟಿದೆ. ಮುಂದಿನ ಸಲ ಕೀ ಆನ್ಸರ್ ಓದುವಾಗ ಆ ಗೀಟು ಎಳೆಯುವ ಮೊದಲು ಒಮ್ಮೆ ಗುಣಿಸಿ ನೋಡುತ್ತೇನೆ. ಆಮೇಲೂ ನನ್ನ ಉತ್ತರ ನಿಂತರೆ ಕೈ ಎತ್ತುತ್ತೇನೆ. ನೀವೂ ಎತ್ತಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ